ಮನೆಯೊಳಗಣ ಮೇಣದ ಬಳ್ಳಿ

ನಮ್ಮ ಶಾಲೆಯ ಪಡಸಾಲೆಯಲ್ಲಿ, ಪೂರ್ವ ದಿಕ್ಕಿನ ದೊಡ್ಡ ಕಿಟಕಿಯ ಸುತ್ತಲೂ ಹಬ್ಬಿಕೊಂಡಿರುವ ಬಳ್ಳಿಯನ್ನು ಇಲ್ಲಿ ಓದಿ ಹೋದ ಹೆಣ್ಣುಮಕ್ಕಳಲ್ಲಿ ಮರೆತವರು ವಿರಳ. ದಪ್ಪನೆಯ ಹೊಳಪಿನ ಎಲೆ, ಮೇಣದಲ್ಲಿ ಅಚ್ಚೊತ್ತಿ ತೆಗೆದಂತಿರುವ ನಸುಗೆಂಪು ನಕ್ಷತ್ರಗಳ ಗೊಂಚಲು, ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಹೊರಡುವ ಸಿಹಿಯಾದ ಪರಿಮಳ, ಇವು ಮೂರೂ ಅವರ ನೆನಪಿನಲ್ಲಿ ಉಳಿದಿರುತ್ತವೆ. ಶಾಲೆಯನ್ನು ಬಿಟ್ಟು ಹೋಗುವಾಗ ಒಂದು ತುಂಡು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಒಯ್ಯುವ ಪದ್ಧತಿಯು ಎಂದಿನಿಂದ ಬಂದಿತೋ, ಮಕ್ಕಳೇ ಅದನ್ನು ನಡೆಯಿಸಿಕೊಂಡು ಬಂದಿದ್ದಾರೆ.

ಆದರೆ ಪ್ರತಿ ವರ್ಷವೂ ಹಳೆಯ ವಿದ್ಯಾರ್ಥಿನಿಯರಲ್ಲಿ ನಾಲ್ಕಾರು ಮಂದಿ ನನ್ನನ್ನು ಕಂಡಾಗ ಕೇಳುವ ಪ್ರಶ್ನೆಯೊಂದುಂಟು: "ಅಮ್ಮಾ, ಕಡ್ಡಿಯೇನೋ ಚಿಗುರಿತು, ಬಳ್ಳಿಯೂ ಆಯಿತು, ಹೂವು ಮಾತ್ರ ಬಿಡಲೊಲ್ಲದು. ಏನು ಮಾಡೋಣ?" ಇನ್ನು ಕೆಲವರು ಬಳ್ಳಿಯೇ ಕೊಳೆತು ಹೋಯಿತೆಂದು ಕಣ್ಣೀರಿಡುವಷ್ಟು ವ್ಯಥೆಯಿಂದ ಹೇಳುವುದುಂಟು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳುವುದಕ್ಕಿಂತ, ಈ ಸಂಚಿಕೆಯ ಮೂಲಕ ಎಲ್ಲರಿಗೂ ಒಮ್ಮೆಲೇ ತಿಳಿಸುವುದು ಲೇಸೆಂದು ತೋರಿ ಈ ಲೇಖನವನ್ನು ಬರೆದಿದ್ದೇನೆ.

ಬರೆಯುವ ಮೊದಲು ನನ್ನ ತಪ್ಪನ್ನು ನಾನೇ ಒಪ್ಪಿಕೊಳ್ಳುವುದು ನ್ಯಾಯ. ಈಗ ಪಡಸಾಲೆಯಲ್ಲಿರುವುದು ಹಿಂದಿನ ಬಳ್ಳಿಯಲ್ಲ. ಹಿಂದಿನದನ್ನು ಕೊಂದವಳು ನಾನು. ಹೇಗೆ ಕೊಂದೆನೆಂಬುದನ್ನು ತಕ್ಕ ಸ್ಥಳದಲ್ಲಿ ಹೇಳುವೆನು; ಯಾಕೆಂದರೆ ಅದರಿಂದ ಕಲಿತದ್ದೇ ಈ ಲೇಖನದ ಮುಖ್ಯ ಭಾಗ.

ಕುಲವೂ ಹೆಸರೂ

ಈ ಬಳ್ಳಿಗೆ ಸಸ್ಯಶಾಸ್ತ್ರದಲ್ಲಿ ಹೋಯಾ ಎಂದು ಹೆಸರು. ರಾಬರ್ಟ್ ಬ್ರೌನ್ ಎಂಬ ಪ್ರಸಿದ್ಧ ಸಸ್ಯಶಾಸ್ತ್ರಜ್ಞನು 1810ರಲ್ಲಿ ಈ ಹೆಸರನ್ನಿಟ್ಟನು. ದೊಡ್ಡ ಗಿಡಬಳ್ಳಿಗಳಿಗೆ ರಾಜರ ಹೆಸರನ್ನೋ ಪ್ರಭುಗಳ ಹೆಸರನ್ನೋ ಇಡುತ್ತಿದ್ದ ಕಾಲದಲ್ಲಿ ಈತನು ತನ್ನ ಸ್ನೇಹಿತನಾದ ಥಾಮಸ್ ಹೋಯ್ ಎಂಬ ತೋಟಗಾರನನ್ನು ನೆನೆದನು. ಹೋಯ್ ಎಂಬಾತನು ಇಂಗ್ಲೆಂಡಿನ ನಾರ್ಥಂಬರ್ಲೆಂಡಿನ ಡ್ಯೂಕನ ಸೈಯನ್ ಹೌಸ್ ಎಂಬ ಮಹಲಿನ ತೋಟವನ್ನು ನೋಡಿಕೊಳ್ಳುತ್ತಿದ್ದವನು. ಯಜಮಾನನ ಹೆಸರಲ್ಲ, ಮಣ್ಣಿನಲ್ಲಿ ಕೈಯಿಟ್ಟವನ ಹೆಸರು ಬಳ್ಳಿಗೆ ನಿಂತಿತೆಂಬುದನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ.

ನಮ್ಮ ಪಡಸಾಲೆಯಲ್ಲಿರುವುದು ಹೋಯಾ ಕಾರ್ನೋಸಾ ಎಂಬ ಜಾತಿ. ದಕ್ಷಿಣ ಚೀನಾ, ತೈವಾನ್, ಜಪಾನಿನ ದಕ್ಷಿಣದ ದ್ವೀಪಗಳು ಮೊದಲಾದವು ಇದರ ತವರು. 'ಕಾರ್ನೋಸಾ' ಎಂದರೆ ಮಾಂಸಲವಾದದ್ದು ಎಂದರ್ಥ. ಎಲೆಯನ್ನು ಮುಟ್ಟಿ ನೋಡಿದವರಿಗೆ ಈ ಮಾತು ಥಟ್ಟನೆ ತಿಳಿಯುವುದು. ಹೂವಿನ ಮೇಣದಂಥ ಹೊಳಪಿನಿಂದ ಇಂಗ್ಲಿಷಿನವರು ಇದನ್ನು ಮೇಣದ ಗಿಡವೆಂದು ಕರೆದರು. ನಾವೂ ಶಾಲೆಯಲ್ಲಿ ಮೇಣದ ಬಳ್ಳಿಯೆಂದೇ ಕರೆಯುತ್ತೇವೆ.

ಇದರ ನೆಂಟರಿಷ್ಟರು ನಮ್ಮೂರಿನವರೇ. ಕಡ್ಡಿ ಮುರಿದಾಗ ಬರುವ ಬಿಳಿಯ ಹಾಲೇ ಇದರ ಕುಲದ ಗುರುತು. ಬೇಲಿಯ ಎಕ್ಕ, ಅಂಗಳದ ನಂದಿಬಟ್ಟಲು, ಕಣಗಿಲೆ, ದೇವಕಣಗಿಲೆ, ಕಾಡಿನ ಹಾಲೆಮರ, ಪಾನಕಕ್ಕೆ ಬಳಸುವ ಸೊಗದೆ ಬೇರಿನ ಬಳ್ಳಿ, ಇವೆಲ್ಲವೂ ಇದರ ಬಂಧುಗಳು. ಹಿಂದಿನ ಪುಸ್ತಕಗಳಲ್ಲಿ ಎಕ್ಕದ ಕುಟುಂಬವನ್ನೂ ಕಣಗಿಲೆಯ ಕುಟುಂಬವನ್ನೂ ಬೇರೆ ಬೇರೆಯಾಗಿ ಓದಿದವರು, ಈಗ ಅವೆರಡನ್ನೂ ಕೂಡಿಸಿ ಒಂದೇ ಕುಟುಂಬವೆಂದು ಎಣಿಸಿರುವರೆಂಬುದನ್ನು ಗಮನಿಸಬೇಕು. ಎಕ್ಕದ ಕಾಯಿ ಒಡೆದು ರೇಷ್ಮೆಯ ಕುಚ್ಚಿರುವ ಬೀಜಗಳು ಗಾಳಿಯಲ್ಲಿ ತೇಲುವುದನ್ನು ಎಲ್ಲರೂ ಕಂಡಿದ್ದೀರಿ; ಹೋಯಾದ ಕಾಯಿಯೂ ಹಾಗೆಯೇ ಒಡೆದು ತನ್ನ ಬೀಜಗಳನ್ನು ಮರದಿಂದ ಮರಕ್ಕೆ ಕಳುಹಿಸುತ್ತದೆ.

ಹೂವಿನ ರಚನೆಯು ನೋಡತಕ್ಕದ್ದು. ಐದು ದಪ್ಪ ದಳಗಳ ಒಂದು ನಕ್ಷತ್ರ. ಅದರ ನಡುವೆ ಕೆಂಪು ಛಾಯೆಯ ಐದು ಮೂಲೆಯ ಮತ್ತೊಂದು ಪುಟ್ಟ ನಕ್ಷತ್ರ. ಮಂಜರಾಬಾದಿನ ಕೋಟೆಯನ್ನು ಮೇಲಿನಿಂದ ತೆಗೆದ ಚಿತ್ರದಲ್ಲಿ ನೋಡಿದ ಮಕ್ಕಳು, "ಅದು ಎಂಟು ಮೂಲೆಯ ನಕ್ಷತ್ರ, ಇದು ಐದು ಮೂಲೆಯದು" ಎಂದು ಹೋಲಿಸುವುದುಂಟು. ಇದರ ಪರಾಗವು ಪುಡಿಯಾಗಿ ಉದುರುವುದಿಲ್ಲ; ಸೀತಾಳೆ ಹೂವಿನಲ್ಲಿರುವಂತೆ ಪುಟ್ಟ ಮುದ್ದೆಗಳಾಗಿರುತ್ತದೆ. ಜಪಾನಿನ ವಿದ್ವಾಂಸರು 2017ರಲ್ಲಿ ಪ್ರಕಟಿಸಿದ ಶೋಧನೆಯಂತೆ, ರಾತ್ರಿಯಲ್ಲಿ ಹಾರುವ ದೊಡ್ಡ ಪತಂಗವೊಂದು ಮಕರಂದಕ್ಕಾಗಿ ಬಂದು, ಈ ಮುದ್ದೆಗಳನ್ನು ಕಾಲಿಗೆ ಸಿಕ್ಕಿಸಿಕೊಂಡು ಮತ್ತೊಂದು ಹೂವಿಗೆ ಒಯ್ಯುತ್ತದೆ. ಹಗಲಿಗಿಂತ ಸಂಜೆಯ ಮೇಲೆ ಪರಿಮಳವು ಹೆಚ್ಚಾಗುವುದರ ರಹಸ್ಯವು ಇದೇ.

ಇದು ಬಂದಳಿಕೆಯೇ?

ನಮ್ಮ ಸಕಲೇಶಪುರದ ಕಡೆಯ ಕಾಫಿ ತೋಟಗಳಲ್ಲಿ ನೆರಳಿನ ಮರಗಳನ್ನು ಸವರುವಾಗ, ಕೊಂಬೆಯನ್ನು ಅಪ್ಪಿಕೊಂಡಿರುವ ಬಳ್ಳಿಗಳನ್ನೆಲ್ಲ "ಬಂದಳಿಕೆ" ಎಂದು ಕಿತ್ತೆಸೆಯುವುದು ವಾಡಿಕೆ. ಬಂಗಾಳದಿಂದ ಪೂರ್ವಕ್ಕೆ ಬೆಳೆಯುವ ಹೋಯಾ ಜಾತಿಯೊಂದಕ್ಕೆ ಸಸ್ಯಶಾಸ್ತ್ರಜ್ಞರೇ ಮೊದಲು 'ಪ್ಯಾರಾಸಿಟಿಕಾ', ಅಂದರೆ ಪರಾವಲಂಬಿ, ಎಂದು ಹೆಸರಿಟ್ಟರು. ಆ ತಪ್ಪು ಹೆಸರು ಇಂದಿಗೂ ಅಳಿದಿಲ್ಲ. ಹೀಗಿರಲಾಗಿ ತೋಟದ ಆಳುಗಳನ್ನು ದೂರಿ ಫಲವೇನು?

ನಿಜವಾದ ಬಂದಳಿಕೆಯು ಮಾವು ಹಲಸುಗಳ ಕೊಂಬೆಯೊಳಕ್ಕೆ ತನ್ನ ಬೇರನ್ನು ಇಳಿಸಿ, ಮರದ ನೀರನ್ನೂ ಸಾರವನ್ನೂ ಹೀರುತ್ತದೆ. ಹೋಯಾ ಹಾಗಲ್ಲ. ಅದು ತೊಗಟೆಯ ಮೇಲೆ ಬೇರೂರಿ ನಿಲ್ಲುತ್ತದೆಯೇ ಹೊರತು ಮರದೊಳಕ್ಕೆ ಹೋಗುವುದಿಲ್ಲ. ತೊಗಟೆಯ ಸಂದುಗಳಲ್ಲಿ ಕೊಳೆತ ಎಲೆಯ ಪುಡಿ, ಪಾಚಿ, ಮಂಜಿನ ತೇವ, ಮಳೆಯ ನೀರು, ಇಷ್ಟೇ ಅದರ ಆಹಾರ. ಸೀತಾಳೆ ದಂಡೆಯೂ ಮರದ ಮೇಲಿನ ಜರಿಗಿಡಗಳೂ ಇದೇ ರೀತಿಯಲ್ಲಿ ಜೀವಿಸುವಂಥವು. ಮರವು ಇವಕ್ಕೆ ಮನೆ, ಊಟವಲ್ಲ.

ನಮ್ಮ ಪಶ್ಚಿಮ ಘಟ್ಟಗಳಲ್ಲಿಯೇ ಹೋಯಾದ ಕೆಲವು ಜಾತಿಗಳುಂಟು. ಮದ್ರಾಸಿನ ಕಡೆ ಬಹು ಕಾಲ ದುಡಿದ ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆದ ರಾಬರ್ಟ್ ವೈಟನ ನೆನಪಿಗಾಗಿ ಹೆಸರು ಪಡೆದ ಹೋಯಾ ವೈಟಿಯೈ, ಒಂದೆರಡೇ ಹೂವು ಬಿಡುವ ಕಾರಣದಿಂದ ಹೆಸರು ಪಡೆದ ಹೋಯಾ ಪಾಸಿಫ್ಲೋರಾ, ಹೋಯಾ ಓವಲಿಫೋಲಿಯಾ, ಕೊಂಕಣ ಗೋವೆಗಳ ಕಡೆಯ ಕಾಡುಗಳಲ್ಲಿ ಕಾಣುವ, ತುದಿ ಮೊಂಡಾದ ಕಿರಿದಾದ ಎಲೆಯ ಹೋಯಾ ರೆಟೂಸಾ, ಇವು ಅಂಥವು. ನಮ್ಮ ಜಿಲ್ಲೆಯ ಗಿಡಮರಗಳನ್ನು ಕುರಿತು ತಿಳಿಯಬೇಕೆನ್ನುವವರು ಸಿಸಿಲ್ ಸಲ್ಡಾನ್ಹಾ ಮತ್ತು ಡಾನ್ ನಿಕೊಲ್ಸನ್ ಎಂಬವರು 1976ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ದೊಡ್ಡ ಗ್ರಂಥವನ್ನು ನೋಡಬಹುದು. ಒಂದು ಜಿಲ್ಲೆಯ ಗಿಡಗಳಿಗೇ ಅಷ್ಟು ದಪ್ಪನೆಯ ಪುಸ್ತಕ ಬೇಕಾಯಿತೆಂಬುದು ನಮಗೆ ಹೆಮ್ಮೆಯ ಸಂಗತಿ.

ಮರದ ಮೇಲಿನ ಈ ಜೀವನವನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಮನೆಯಲ್ಲಿ ಹೋಯಾವನ್ನು ಸಾಕುವ ನಿಯಮಗಳೆಲ್ಲವೂ ಇದರಿಂದಲೇ ಹುಟ್ಟುತ್ತವೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಮುಂದಿನ ಮಾತುಗಳನ್ನು ಬಾಯಿಪಾಠ ಮಾಡಬೇಕಾದ ಅಗತ್ಯವಿಲ್ಲ.

ಬೆಳಕು

ಮರದ ಮೇಲಿರುವ ಬಳ್ಳಿಗೆ ನೆತ್ತಿಯ ಬಿಸಿಲು ತಾಗದು. ಎಲೆಗಳ ನಡುವೆ ಸೋಸಿ ಬಂದ ಬೆಳಕು ಮಾತ್ರ ದಿನವಿಡೀ ಸಿಕ್ಕುವುದು. ಮನೆಯಲ್ಲಿಯೂ ಅಂಥ ಸ್ಥಳವನ್ನೇ ಹುಡುಕಬೇಕು. ಪೂರ್ವದ ಕಿಟಕಿ ಸರ್ವೋತ್ತಮ. ಬೆಳಗಿನ ಒಂದೆರಡು ತಾಸಿನ ಎಳೆಬಿಸಿಲು ಹಿತಕರ. ಮಧ್ಯಾಹ್ನದ ತರುವಾಯದ ಪಶ್ಚಿಮದ ಬಿಸಿಲು ಬಿದ್ದರೆ ಎಲೆಗಳು ಹಳದಿಯಾಗಿ, ಅಲ್ಲಲ್ಲಿ ಸುಟ್ಟ ಕಲೆಗಳು ಏಳುವುವು.

ನಮ್ಮ ಮಲೆನಾಡಿನ ಹಳೆಯ ಮನೆಗಳಲ್ಲಿ ಮಳೆಗೆ ಅಂಜಿ ಸೂರನ್ನು ತೀರ ಕೆಳಕ್ಕೆ ಇಳಿಸಿರುತ್ತಾರೆ. ಒಳಗಿನ ಅಂಕಣವು ನಡುಹಗಲಿನಲ್ಲಿಯೂ ಮಬ್ಬಾಗಿರುತ್ತದೆ. ಅಂಥಲ್ಲಿ ಗೋಡೆಯ ಮೂಲೆಗೆ ತೂಗುಹಾಕಿದ ಹೋಯಾ ಸಾಯುವುದಿಲ್ಲ, ಆದರೆ ಹೂ ಬಿಡುವುದೂ ಇಲ್ಲ. ಹತ್ತು ವರ್ಷ ಹಸುರಾಗಿಯೇ ಉಳಿದು ಒಡತಿಯ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಹೂ ಬಿಡಲಿಲ್ಲವೆಂದು ಹೇಳುವವರಲ್ಲಿ ಹೆಚ್ಚಿನವರ ಬಳ್ಳಿಗಳು ಕಿಟಕಿಯಿಂದ ದೂರದಲ್ಲಿರುವುದನ್ನು ನಾನು ಕಂಡಿದ್ದೇನೆ. ಕಿಟಕಿಗೆ ಮೂರಡಿಯೊಳಗೆ, ಇಲ್ಲವೆ ತೊಟ್ಟಿಮನೆಯ ತೊಟ್ಟಿಯ ಅಂಚಿನಲ್ಲಿ ತೂಗುಹಾಕಬೇಕು. ಬಳ್ಳಿಯ ಹಿಂದೆ ಕುಳಿತು ಪುಸ್ತಕವನ್ನು ದೀಪವಿಲ್ಲದೆ ಓದಬಹುದಾದರೆ ಬೆಳಕು ಸಾಕೆಂದು ತಿಳಿಯಬಹುದು.

ಕುಂಡವೂ ಅದರೊಳಗಿನ ಮಿಶ್ರಣವೂ

ಈಗ ನನ್ನ ತಪ್ಪಿನ ಕಥೆ. ನಾನು ಈ ಶಾಲೆಯ ಮುಖ್ಯೋಪಾಧ್ಯಾಯಿನಿಯಾದ ವರ್ಷ ಆ ಹಳೆಯ ಬಳ್ಳಿಯು ಅಂಗೈಯಗಲದ ಮಣ್ಣಿನ ಕುಂಡದಲ್ಲಿ, ಬೇರುಗಳು ಇಕ್ಕಟ್ಟಾಗಿ ತುಂಬಿ ಹೊರಕ್ಕೆ ಇಣುಕುವಂತೆ ಬೆಳೆದಿತ್ತು. "ಇಷ್ಟು ದೊಡ್ಡ ಬಳ್ಳಿಗೆ ಇಷ್ಟು ಸಣ್ಣ ಕುಂಡವೇ!" ಎಂದು ಮರುಗಿ, ಒಂದು ದೊಡ್ಡ ಸಿಮೆಂಟಿನ ಕುಂಡವನ್ನು ತರಿಸಿ, ಕೆಮ್ಮಣ್ಣಿಗೆ ಸೆಗಣಿಗೊಬ್ಬರವನ್ನು ಧಾರಾಳವಾಗಿ ಬೆರೆಸಿ, ನಾನೇ ನಿಂತು ಬಳ್ಳಿಯನ್ನು ಅದಕ್ಕೆ ಬದಲಾಯಿಸಿದೆನು. ಗುಲಾಬಿಗೆ ಮಾಡುವ ಉಪಚಾರವನ್ನು ಹೋಯಾಕ್ಕೆ ಮಾಡಿದೆನು. ಅದು ಮೊದಲನೆಯ ತಪ್ಪು.

ಮರದ ಸಂದಿನಲ್ಲಿ ಬೆಳೆಯುವ ಬಳ್ಳಿಗೆ ಇಕ್ಕಟ್ಟೇ ಸಹಜ. ಬೇರು ತುಂಬಿದ ಸಣ್ಣ ಕುಂಡದಲ್ಲಿಯೇ ಅದು ಚೆನ್ನಾಗಿ ಹೂ ಬಿಡುವುದು. ದೊಡ್ಡ ಕುಂಡದಲ್ಲಿ ಬೇರು ತಲಪದ ಮಣ್ಣು ಬಹಳ ದಿನ ತೇವವಾಗಿದ್ದು, ಗಾಳಿಯಿಲ್ಲದೆ ಹುಳಿತು, ಬೇರನ್ನು ಕೊಳೆಯಿಸುವುದು. ಆದಕಾರಣ ಹೊಸ ಕಡ್ಡಿಗೆ ನಾಲ್ಕು ಅಂಗುಲದ ಕುಂಡ ಸಾಕು. ಎರಡು ಮೂರು ವರ್ಷಕ್ಕೊಮ್ಮೆ, ಬೇರುಗಳು ತಳದ ತೂತಿನಿಂದ ಹೊರಬಂದಾಗ ಮಾತ್ರ, ಒಂದೇ ಅಂಗುಲ ದೊಡ್ಡದಾದ ಕುಂಡಕ್ಕೆ ಬದಲಾಯಿಸಬೇಕು. ಮಣ್ಣಿನ ಕುಂಡವು ತನ್ನ ಗೋಡೆಯ ಮೂಲಕ ತೇವವನ್ನು ಬಿಡುವುದರಿಂದ ನಮ್ಮ ಮಳೆಗಾಲಕ್ಕೆ ಅದೇ ಶ್ರೇಷ್ಠ.

ಒಳಗೆ ತುಂಬುವ ಮಿಶ್ರಣದ ಪ್ರಮಾಣವು ಹೀಗೆ: ಅರ್ಧ ಅಂಗುಲದ ತುಂಡುಗಳಾಗಿ ಕತ್ತರಿಸಿದ ತೆಂಗಿನ ಸಿಪ್ಪೆ ಎರಡು ಪಾಲು, ಪುಡಿಯಿಲ್ಲದ ಇದ್ದಲಿನ ಚೂರು ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು, ದಪ್ಪ ಮರಳು ಅಥವಾ ಇಟ್ಟಿಗೆಯ ಚೂರು ಒಂದು ಪಾಲು. ತೆಂಗಿನ ಸಿಪ್ಪೆಯಲ್ಲಿ ಉಪ್ಪೂ ಒಗರೂ ಇರುವುದರಿಂದ ಅದನ್ನು ಮೂರು ನಾಲ್ಕು ದಿನ ನೀರಿನಲ್ಲಿ ನೆನೆಯಿಟ್ಟು, ದಿನವೂ ನೀರನ್ನು ಬದಲಾಯಿಸಿ, ಹಿಂಡಿ ಉಪಯೋಗಿಸತಕ್ಕದ್ದು. ನಮ್ಮಲ್ಲಿ ಹೇರಳವಾಗಿ ಸಿಕ್ಕುವ ಕಾಫಿ ಸಿಪ್ಪೆಯನ್ನು ಹಸಿಯಾಗಿ ಹಾಕಕೂಡದು. ಅದು ಕೊಳೆಯುವಾಗ ಕಾವೇರಿ ಬೇರನ್ನು ಸುಡುತ್ತದೆ. ವರ್ಷ ಕಳೆದು ಕಪ್ಪಾಗಿ ಪುಡಿಪುಡಿಯಾದ ಮೇಲೆ ಎಲೆಗೊಬ್ಬರದ ಬದಲಿಗೆ ಸ್ವಲ್ಪ ಬಳಸಬಹುದು. ಕುಂಡಕ್ಕೆ ಸುರಿದ ನೀರು ಕೆಲವು ಕ್ಷಣಗಳಲ್ಲಿಯೇ ತಳದಿಂದ ಹೊರಬರಬೇಕು. ಮೇಲೆ ನಿಂತರೆ ಮಿಶ್ರಣವು ಸರಿಯಿಲ್ಲವೆಂದು ಅರ್ಥ.

ನೀರು

ನನ್ನ ಎರಡನೆಯ ತಪ್ಪು ನೀರಿನದು. ಆ ವರ್ಷ ಮೃಗಶಿರದ ಮಳೆ ಹಿಡಿಯಿತು. ಆರಿದ್ರಾ ಮಳೆಯಲ್ಲಿ ಗೋಡೆಗಳೇ ಬೆವರುತ್ತಿದ್ದವು. ಒಗೆದ ಬಟ್ಟೆ ನಾಲ್ಕು ದಿನಕ್ಕೂ ಒಣಗುತ್ತಿರಲಿಲ್ಲ. ನಾನಾದರೋ ಕಾಲಪಟ್ಟಿಯಂತೆ ಪ್ರತಿ ಮುಂಜಾನೆ ಒಂದು ತಂಬಿಗೆ ನೀರನ್ನು ತಪ್ಪದೆ ಹಾಕಿಸಿದೆನು. ಪುನರ್ವಸು ಮಳೆಯ ಹೊತ್ತಿಗೆ ಎಲೆಗಳು ಸುಕ್ಕುಗಟ್ಟಿದವು. ಬಾಯಾರಿಕೆಯೆಂದು ಭಾವಿಸಿ ಎರಡು ತಂಬಿಗೆ ಹಾಕಿಸಿದೆನು. ಪುಷ್ಯದ ಮಳೆಯಲ್ಲಿ ಬುಡವನ್ನು ಮುಟ್ಟಿದರೆ ಕೈಗೆ ಲೋಳೆಯಾಗಿ ಬಂದಿತು. ಅಷ್ಟು ವರ್ಷ ಮಕ್ಕಳ ತಲೆಯ ಮೇಲೆ ಹೂ ಸುರಿದ ಬಳ್ಳಿಯು ಒಂದು ಮಳೆಗಾಲದಲ್ಲಿ ಮುಗಿಯಿತು.

ಆಗ ನಾನು ಅರಿತದ್ದೇನೆಂದರೆ: ಸುಕ್ಕುಗಟ್ಟಿದ ಎಲೆಗೆ ಎರಡು ಕಾರಣಗಳಿರಬಹುದು. ಬೇರಿಗೆ ನೀರಿಲ್ಲದಿದ್ದರೂ ಎಲೆ ಸುಕ್ಕುವುದು. ನೀರು ಹೆಚ್ಚಾಗಿ ಬೇರು ಕೊಳೆತು, ಇರುವ ನೀರನ್ನು ಕುಡಿಯಲಾರದೆ ಹೋದರೂ ಎಲೆ ಸುಕ್ಕುವುದು. ಎರಡೂ ನೋಟಕ್ಕೆ ಒಂದೇ. ಬೆರಳನ್ನು ಎರಡು ಅಂಗುಲ ಮಣ್ಣಿನೊಳಕ್ಕೆ ಇಳಿಸಿ ನೋಡುವುದೇ ಪರೀಕ್ಷೆ. ಒಣಗಿದ್ದರೆ ನೀರು ಕೊಡಿರಿ. ಒದ್ದೆಯಾಗಿದ್ದರೆ ಬಳ್ಳಿಯನ್ನು ಒಡನೆ ಕುಂಡದಿಂದ ತೆಗೆದು, ಕಪ್ಪಾಗಿ ಮೆತ್ತಗಾದ ಬೇರುಗಳನ್ನು ಕತ್ತರಿಸಿ, ಒಣ ಮಿಶ್ರಣದಲ್ಲಿ ನೆಡಿರಿ. ಬೇರೆಲ್ಲವೂ ಹೋಗಿದ್ದರೆ ಗಟ್ಟಿಯಾದ ಕೊನೆಗಳನ್ನು ಕಡ್ಡಿಗಳಾಗಿ ಉಳಿಸಿಕೊಳ್ಳಿರಿ.

ಈ ಬಳ್ಳಿಯು ನೀರಿನ ವಿಷಯದಲ್ಲಿ ಬಹಳ ಮಿತವ್ಯಯಿ. ಹೆಚ್ಚಿನ ಗಿಡಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮ ರಂಧ್ರಗಳನ್ನು ತೆರೆದು ಗಾಳಿಯನ್ನು ಒಳಕ್ಕೆ ತೆಗೆದುಕೊಳ್ಳುತ್ತವೆ. ಆಗ ನೀರೂ ಆವಿಯಾಗಿ ಹೋಗುವುದು. ಹೋಯಾ ಕಾರ್ನೋಸಾವು ಪಾಪಾಸುಕಳ್ಳಿ, ಅನಾನಸುಗಳಂತೆ ರಾತ್ರಿಯ ತಂಪಿನಲ್ಲಿ ಆ ರಂಧ್ರಗಳನ್ನು ತೆರೆದು, ಒಳಕ್ಕೆ ತೆಗೆದುಕೊಂಡ ಇಂಗಾಲದ ಅನಿಲವನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲಿನ ಬೆಳಕಿನಲ್ಲಿ ಬಾಗಿಲು ಮುಚ್ಚಿಕೊಂಡು ಅದರಿಂದ ಆಹಾರವನ್ನು ತಯಾರಿಸುತ್ತದೆ. ದಪ್ಪ ಎಲೆಯೇ ಅದರ ನೀರಿನ ಹಂಡೆ. ಇಂಥ ಗೃಹಿಣಿಗೆ ದಿನವೂ ತಂಬಿಗೆ ನೀರು ಸುರಿಯುವುದು ಉಪಕಾರವಲ್ಲ.

ಋತುಗಳಿಗೆ ತಕ್ಕಂತೆ ನಡೆಯಬೇಕು. ಸಕಲೇಶಪುರದಲ್ಲಿ ಬೇಸಗೆಯ ದಿನಗಳಲ್ಲಿ ವಾರಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ. ಮಳೆಗಾಲದ ನಡುವೆ ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ಬೆರಳಿನಿಂದ ನೋಡಿ ಕೊಟ್ಟರಾಯಿತು. ಆಲೂರಿನ ಕಡೆ ಮಳೆ ಕಡಮೆಯಾದ್ದರಿಂದ ಅಲ್ಲಿಯವರು ಸ್ವಲ್ಪ ಬೇಗ ಬೇಗ ಕೊಡಬಹುದು. ಚಳಿಗಾಲದಲ್ಲಿ ಮಂಜು ಬೀಳುವ ದಿನಗಳಲ್ಲಿ ಬೆಳಗ್ಗೆ ಹೊತ್ತೇರಿದ ಮೇಲೆ ಕೊಡುವುದು ಒಳ್ಳೆಯದು. ಕೊಡುವಾಗ ಪೂರ್ತಿಯಾಗಿ, ತಳದಿಂದ ಹರಿಯುವಂತೆ ಕೊಡಬೇಕು; ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಗೊಡಿಸಬಾರದು.

ಗೊಬ್ಬರದ ವಿಷಯವು ಚಿಕ್ಕದು. ಮಾರ್ಚ್ ಏಪ್ರಿಲ್ ತಿಂಗಳ ಹೂಮಳೆಯಿಂದ ಮೃಗಶಿರದವರೆಗೆ, ಮತ್ತು ಮಳೆ ಹಿಂದೆಗೆದ ಮೇಲೆ ನವೆಂಬರಿನವರೆಗೆ, ತಿಂಗಳಿಗೊಮ್ಮೆ ಸೆಗಣಿಯ ತಿಳಿನೀರನ್ನು ತೆಳುವಾದ ಚಹದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ ಕೊಟ್ಟರೆ ಸಾಕು. ಗೊಬ್ಬರ ಹೆಚ್ಚಾದರೆ ಎಲೆ ಹೆಚ್ಚುವುದು, ಹೂವು ಹಿಂದಾಗುವುದು.

ಬೋಳು ಕಡ್ಡಿಯೂ ಹೂವಿನ ತೊಟ್ಟೂ

ಮೂರನೆಯ ತಪ್ಪು ಕತ್ತರಿಯದು. ಇದನ್ನು ನನ್ನಂತೆಯೇ ಬಹು ಜನರು ಮಾಡುತ್ತಾರೆ.

ಹೋಯಾವು ಆಗಾಗ್ಗೆ ಎಲೆಯೇ ಇಲ್ಲದ ಉದ್ದನೆಯ ಬೋಳು ಕಡ್ಡಿಗಳನ್ನು ಹೊರಡಿಸುತ್ತದೆ. ನೋಡುವುದಕ್ಕೆ ಅಂದವಿಲ್ಲವೆಂದು ಅವುಗಳನ್ನು ಕತ್ತರಿಸಿ ಹಾಕುವುದು ಸಾಮಾನ್ಯ. ಆದರೆ ಅವು ವ್ಯರ್ಥವಾದವುಗಳಲ್ಲ. ಆಸರೆಯನ್ನು ಹುಡುಕಲು ಹೊರಟ ಕೈಗಳು. ಚಾರ್ಲ್ಸ್ ಡಾರ್ವಿನ್ನನು 1865ರಲ್ಲಿ ಮೊದಲು ಪ್ರಕಟಿಸಿದ, ಹಬ್ಬುವ ಗಿಡಗಳನ್ನು ಕುರಿತ ತನ್ನ ಗ್ರಂಥದಲ್ಲಿ ಇದೇ ಹೋಯಾ ಕಾರ್ನೋಸಾದ ಸುಮಾರು 32 ಅಂಗುಲ ಉದ್ದದ ಬೋಳು ಕಡ್ಡಿಯೊಂದನ್ನು ಕಾದು ಕುಳಿತು ನೋಡಿದ ಸಂಗತಿಯನ್ನು ಬರೆದಿದ್ದಾನೆ. ಕಡ್ಡಿಯು ಮೆಲ್ಲಮೆಲ್ಲನೆ ಅತ್ತಿತ್ತ ತೂಗುತ್ತಿತ್ತು. ಅದರ ತುದಿಯು ಪೂರ್ತಿ ಸುತ್ತು ಹಾಕುತ್ತಿತ್ತು. ಎಲೆಯ ಭಾರವಿದ್ದರೆ ಹೀಗೆ ಸುತ್ತುವುದು ಕಷ್ಟವಾಗುತ್ತಿತ್ತು. ಆಸರೆ ಸಿಕ್ಕಿ ಸುತ್ತಿಕೊಂಡ ಮೇಲೆ ಅದೇ ಕಡ್ಡಿಯಲ್ಲಿ ಎಲೆ ಮೂಡುವುದು, ತರುವಾಯ ಹೂವೂ ಬರುವುದು. ಆದುದರಿಂದ ಬೋಳು ಕಡ್ಡಿ ಕಂಡಾಗ ಅದಕ್ಕೆ ದಾರವನ್ನೋ ಬಿದಿರಿನ ಸೀಳಿನ ಬಳೆಯನ್ನೋ ತೋರಿಸಿ ಸುತ್ತಿಸಬೇಕು. ತೂಗುಕುಂಡದಿಂದ ಕೆಳಕ್ಕೆ ಇಳಿಬಿಟ್ಟಿರುವವರು ಅಂಥ ಕಡ್ಡಿಯನ್ನು ತಿರುಗಿ ಮೇಲಕ್ಕೆ ತಂದು ಸರಪಳಿಗೆ ಸುತ್ತಬಹುದು.

ಇದಕ್ಕಿಂತ ಮುಖ್ಯವಾದದ್ದು ಹೂವಿನ ತೊಟ್ಟು. ಮಲ್ಲಿಗೆ ಗುಲಾಬಿಗಳಲ್ಲಿ ಬಾಡಿದ ಹೂವನ್ನು ತೊಟ್ಟುಸಹಿತ ಕೀಳುವುದು ನಮಗೆ ರೂಢಿ. ಹೋಯಾದಲ್ಲಿ ಅದು ಸಲ್ಲದು. ಗೊಂಚಲಿನ ಹೂಗಳು ಉದುರಿದ ಮೇಲೆ ಒಂದಂಗುಲದ ಮೋಟು ತೊಟ್ಟೊಂದು ಉಳಿಯುವುದಷ್ಟೆ. ಮುಂದಿನ ವರ್ಷ ಹೊಸ ಮೊಗ್ಗುಗಳು ಅದೇ ತೊಟ್ಟಿನ ತುದಿಯಲ್ಲಿ ಮೂಡುತ್ತವೆ. ಹೀಗೆ ಒಂದೇ ತೊಟ್ಟು ವರ್ಷವರ್ಷವೂ ಹೂ ಕೊಡುತ್ತ ಸ್ವಲ್ಪಸ್ವಲ್ಪವಾಗಿ ಉದ್ದವಾಗುವುದು. ತೊಟ್ಟನ್ನು ಕಿತ್ತವರು ಮುಂದಿನ ವರ್ಷಗಳ ಹೂವನ್ನೆಲ್ಲ ಒಮ್ಮೆಲೇ ಕಿತ್ತಂತಾಯಿತು. ಮುಡಿಯುವ ಆಸೆಯಿದ್ದರೆ ಬಿಡಿ ಹೂಗಳನ್ನು ಮಾತ್ರ ಬಿಡಿಸಿಕೊಳ್ಳಬಹುದು.

ಮೊಗ್ಗು ಕಂಡ ಮೇಲೆ ಕುಂಡವನ್ನು ಸ್ಥಳದಿಂದ ಕದಲಿಸಬಾರದು, ಬೇರನ್ನು ತೀರ ಒಣಗಿಸಲೂಬಾರದು. ಎರಡರಿಂದಲೂ ಮೊಗ್ಗು ಉದುರುವುದು. ಅರಳಿದ ಹೂವಿನಿಂದ ಅಂಟಾದ ಮಕರಂದವು ನೆಲಕ್ಕೆ ತೊಟ್ಟಿಕ್ಕಿದರೆ ಅದು ರೋಗವಲ್ಲ. ಕೆಳಗೆ ಒಂದು ಚಾಪೆಯ ತುಂಡನ್ನು ಹಾಸಿರಿ. ಕಡ್ಡಿಯಿಂದ ಬೆಳೆದ ಬಳ್ಳಿಯು ಮೊದಲ ಹೂವಿಗೆ ಎರಡರಿಂದ ಐದು ವರ್ಷ ತೆಗೆದುಕೊಳ್ಳುವುದು ಸಾಮಾನ್ಯವಾದ್ದರಿಂದ ಅವಸರ ಬೇಡ.

ಕಡ್ಡಿ ನೆಡುವ ಕ್ರಮ

ಎರಡು ಗೆಣ್ಣು ಇರುವ, ಎಳೆಯದೂ ಅಲ್ಲದ ಮುದಿಯೂ ಅಲ್ಲದ ಕಡ್ಡಿಯನ್ನು ಚೂಪಾದ ಚಾಕುವಿನಿಂದ ಕತ್ತರಿಸಿ, ಹಾಲನ್ನು ತೊಳೆದು, ಅರ್ಧ ದಿನ ನೆರಳಿನಲ್ಲಿ ಗಾಯ ಒಣಗಲು ಬಿಡಬೇಕು. ಕೆಳಗಿನ ಗೆಣ್ಣಿನ ಎಲೆಗಳನ್ನು ತೆಗೆದು, ಆ ಗೆಣ್ಣು ಮುಚ್ಚುವಂತೆ ನಸು ತೇವದ ಮರಳಿನಲ್ಲಿ ನೆಡಬೇಕು. ಮೂರು ನಾಲ್ಕು ವಾರಗಳಲ್ಲಿ ಬೇರು ಬರುವುದು. ಹೂಮಳೆಯ ತರುವಾಯದ ಬೆಚ್ಚನೆಯ ದಿನಗಳು ಇದಕ್ಕೆ ಉತ್ತಮ. ಕಡ್ಡಿಯ ಹಾಲು ಕಣ್ಣಿಗೆ ತಾಗದಂತೆ ಜಾಗ್ರತೆಯಾಗಿದ್ದು, ಕೆಲಸವಾದ ಮೇಲೆ ಕೈ ತೊಳೆಯಬೇಕು. ಎಕ್ಕ ಕಣಗಿಲೆಗಳಂತೆ ಇದು ವಿಷದ ಗಿಡವೆಂದು ಎಣಿಸಲ್ಪಟ್ಟಿಲ್ಲವಾದರೂ, ಹಾಲಿನ ಗಿಡಗಳ ವಿಷಯದಲ್ಲಿ ಮಕ್ಕಳಿಗೆ ಎಚ್ಚರಿಕೆ ಕಲಿಸುವುದು ಒಳ್ಳೆಯದು.

ಗೆಣ್ಣಿನ ಮಾತು ಬಂದುದರಿಂದ ಇನ್ನೊಂದು ಸಂಗತಿ. ಥಾಯ್ಲೆಂಡಿನ ಕಡೆಯ ಹೋಯಾ ಕೆರ್ರಿಯೈ ಎಂಬ ಜಾತಿಯ ಎಲೆಯು ಹೃದಯದ ಆಕಾರದ್ದು. ಆ ಎಲೆಯೊಂದನ್ನೇ ಪುಟ್ಟ ಕುಂಡದಲ್ಲಿ ಚುಚ್ಚಿ ಪೇಟೆಗಳಲ್ಲಿ ಮಾರುತ್ತಾರೆ. ವಿದ್ಯಾರ್ಥಿನಿಯೊಬ್ಬಳ ತಂದೆಯವರು ಬೆಂಗಳೂರಿನಿಂದ ಮಗಳಿಗೆ ಅಂಥದೊಂದನ್ನು ತಂದುಕೊಟ್ಟರು. ಆ ಮಗು ಮೂರು ವರ್ಷ ಅದನ್ನು ಸಾಕಿತು. ಎಲೆ ಹಸುರಾಗಿಯೇ ಇತ್ತು, ಚಿಗುರು ಮಾತ್ರ ಬರಲಿಲ್ಲ. ತನ್ನ ಆರೈಕೆಯಲ್ಲೇ ಕೊರತೆಯಿದೆಯೆಂದು ಮಗು ನೊಂದುಕೊಂಡಿತ್ತು. ಗೆಣ್ಣಿನ ತುಂಡಿಲ್ಲದ ಬರಿಯ ಎಲೆಯು ಬೇರು ಬಿಟ್ಟು ವರ್ಷಗಟ್ಟಲೆ ಜೀವಿಸಬಹುದು, ಬಳ್ಳಿಯಾಗಲಾರದು. ಯಾಕೆಂದರೆ ಚಿಗುರುವ ಕಣ್ಣು ಇರುವುದು ಗೆಣ್ಣಿನಲ್ಲಿ. ತಪ್ಪು ಮಗುವಿನದಲ್ಲ. ಕೊಳ್ಳುವವರು ಎಲೆಯ ಕೆಳಗೆ ಕಡ್ಡಿಯ ತುಂಡು ಇದೆಯೇ ಎಂದು ನೋಡಿ ಕೊಳ್ಳಿರಿ.

ಕೀಟಗಳು

ಇದರ ಮುಖ್ಯ ವೈರಿಯು ಕಾಫಿ ಬೆಳೆಗಾರರಿಗೆಲ್ಲ ಪರಿಚಿತವಾದ ಹಿಟ್ಟುತಿಗಣೆ. ಎಲೆಯ ಕಂಕುಳಲ್ಲಿ ಬಿಳಿಯ ಹತ್ತಿಯಂತೆ ಕೂತು ರಸ ಹೀರುವುದು. ಇರುವೆಗಳ ಸಾಲು ಬಳ್ಳಿಯನ್ನು ಏರುತ್ತಿದ್ದರೆ ಸಂಶಯಪಡಬೇಕು. ತಿಗಣೆಯ ಸಿಹಿಜಲಕ್ಕಾಗಿ ಇರುವೆಗಳು ಅವನ್ನು ಕಾಯುತ್ತವೆ. ಸ್ವಲ್ಪವೇ ಇದ್ದರೆ ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒರಸಿ ತೆಗೆಯಬಹುದು. ಹೆಚ್ಚಾದರೆ ಒಂದು ಲೀಟರ್ ನೀರಿಗೆ ಒಂದು ಸಣ್ಣ ಚಮಚ ಬೇವಿನೆಣ್ಣೆಯನ್ನೂ ಕೆಲವು ಹನಿ ಸೋಪಿನ ನೀರನ್ನೂ ಕಲಸಿ ಸಂಜೆಯ ಹೊತ್ತು ಚಿಮುಕಿಸಿ, ವಾರ ಬಿಟ್ಟು ಮತ್ತೆ ಮಾಡಬೇಕು. ತಿಂಗಳಿಗೊಮ್ಮೆ ಎಲೆಗಳ ಧೂಳನ್ನು ಒದ್ದೆ ಬಟ್ಟೆಯಿಂದ ಒರಸುವ ಮನೆಯಲ್ಲಿ ಕೀಟವು ಬೇಗನೆ ಕಣ್ಣಿಗೆ ಬೀಳುವುದು.

ದೂರದ ಊರುಗಳಲ್ಲಿರುವವರಿಗೆ

ಬೆಂಗಳೂರಿನ ಎತ್ತರವು ಸಕಲೇಶಪುರದ ಎತ್ತರಕ್ಕೆ ಹತ್ತಿರವೇ, ಎಂದರೆ ಸುಮಾರು 3,000 ಅಡಿ. ಆದರೆ ಗಾಳಿ ಒಣ. ಅಲ್ಲಿಯವರು ಬೇಸಗೆಯಲ್ಲಿ ಎಲೆಗಳ ಮೇಲೆ ನೀರನ್ನು ಚಿಮುಕಿಸಬಹುದು. ಮಂಗಳೂರು ಉಡುಪಿಗಳ ಸೆಕೆಯಲ್ಲಿ ಗಾಳಿಯಾಡುವ ಜಗಲಿಯೇ ಸರಿ. ಹೊರದೇಶದ ಚಳಿಯ ಊರುಗಳಲ್ಲಿರುವವರು ಬಳ್ಳಿಯನ್ನು ಸೆಂಟಿಗ್ರೇಡಿನ 10 ಡಿಗ್ರಿಗಿಂತ ಕೆಳಗಿನ ಚಳಿಗೆ ಒಡ್ಡದೆ, ಹಗಲು ಕಿರಿದಾದ ತಿಂಗಳುಗಳಲ್ಲಿ ನೀರನ್ನು ಬಹಳ ಕಡಮೆ ಮಾಡಬೇಕು. ತೂಗುಬುಟ್ಟಿಯಿಂದ ಸಹಜವಾಗಿಯೇ ಇಳಿಬೀಳುವ ಜಾತಿ ಬೇಕೆನ್ನುವವರಿಗೆ ಬರ್ಮಾ ಕಡೆಯ ಹೋಯಾ ಬೆಲ್ಲಾ ಎಂಬ ಸಣ್ಣ ಎಲೆಯದೂ, ಹಿಮಾಲಯದ ತಂಪಿಗೆ ಒಗ್ಗಿದ ಹೋಯಾ ಲಿನಿಯಾರಿಸ್ ಎಂಬ ಸೂಜಿಯೆಲೆಯದೂ ತಕ್ಕವು.

ಈ ಬಳ್ಳಿಯು ಮನೆಯ ಗಾಳಿಯನ್ನು ಶುದ್ಧಿಮಾಡುವುದೆಂದು ಮಾರುವವರು ಹೇಳುವುದುಂಟು. ಅಮೆರಿಕೆಯ ಜಾರ್ಜಿಯಾ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮುಚ್ಚಿದ ಗಾಜಿನ ಪಾತ್ರೆಗಳಲ್ಲಿಟ್ಟ 28 ಬಗೆಯ ಗಿಡಗಳಲ್ಲಿ ಹೋಯಾವು ಮುಂದಿನ ಸಾಲಿನಲ್ಲಿ ಇದ್ದದ್ದು ನಿಜ. ಆದರೆ ಮನೆಯು ಮುಚ್ಚಿದ ಪಾತ್ರೆಯಲ್ಲ. ಹಿಂದಿನ ಪರೀಕ್ಷೆಗಳನ್ನೆಲ್ಲ ಕೂಡಿಸಿ ನೋಡಿದ 2019ರ ವಿಮರ್ಶೆಯೊಂದು, ಕಿಟಕಿಯ ಗಾಳಿಯ ಮುಂದೆ ಕುಂಡದ ಗಿಡಗಳ ಕೆಲಸ ಲೆಕ್ಕಕ್ಕಿಲ್ಲವೆಂದು ತೋರಿಸಿತು. ಬಳ್ಳಿಯನ್ನು ಅದರ ಅಂದಕ್ಕಾಗಿ ಸಾಕೋಣ. ಗಾಳಿಗಾಗಿ ಕಿಟಕಿಯನ್ನು ತೆರೆಯೋಣ.

ಕಾಡಿನದು ಕಾಡಿಗಿರಲಿ

ಬಿಸಿಲೆ ಘಟ್ಟದ ಕಡೆಗೆ ವಿಹಾರಕ್ಕೆ ಹೋದವರು ಮರದ ಮೇಲಿನ ಹೋಯಾವನ್ನೂ ಸೀತಾಳೆಯನ್ನೂ ಕಿತ್ತು ಚೀಲದಲ್ಲಿ ತರುವುದನ್ನು ಕಂಡು ಮನಸ್ಸು ನೊಂದಿದೆ. ಅದರ ನೆರೆಯ ಪುಷ್ಪಗಿರಿಯೂ ಸೇರಿದಂತೆ ಪಶ್ಚಿಮ ಘಟ್ಟಗಳ 39 ಸ್ಥಳಗಳನ್ನು 2012ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಯ ಜಾತಿಗಳಲ್ಲಿ ಕೆಲವು ಈ ಘಟ್ಟಗಳಲ್ಲಲ್ಲದೆ ಬೇರೆಲ್ಲಿಯೂ ಬೆಳೆಯುವುದಿಲ್ಲ. ಕಾಡಿನಿಂದ ಕಿತ್ತ ಬಳ್ಳಿಯು ಮನೆಯಲ್ಲಿ ಬದುಕುವುದು ಅಪರೂಪ. ಕಾಡಿಗೂ ಇಲ್ಲ, ಮನೆಗೂ ಇಲ್ಲವೆಂಬಂತಾಗುವುದು. ಒಂದು ಕಡ್ಡಿಯಿಂದ ನೂರು ಮನೆ ತುಂಬುವಾಗ ಕಾಡನ್ನು ಬರಿದು ಮಾಡುವ ಅಗತ್ಯವೇನು? ತೋಟಗಳ ಒಡೆಯರಾದ ತಂದೆತಾಯಿಗಳಲ್ಲಿಯೂ ನನ್ನ ವಿನಂತಿ ಇದೇ: ಮರ ಸವರಿಸುವಾಗ ಬಂದಳಿಕೆಯನ್ನು ತೆಗೆಯಿಸಿರಿ, ಆದರೆ ಮೇಣದ ಬಳ್ಳಿಯನ್ನೂ ಸೀತಾಳೆಯನ್ನೂ ಬಿಡಿಸಿರಿ.

ಕೊನೆಯದಾಗಿ, ಈಗಿನ ಬಳ್ಳಿಯು ಎಲ್ಲಿಂದ ಬಂದಿತೆಂಬುದನ್ನು ಹೇಳಿ ಮುಗಿಸುತ್ತೇನೆ. ಹಳೆಯದು ಸತ್ತ ಸುದ್ದಿಯನ್ನು ನಾನು ಯಾರಿಗೂ ಹೇಳಿಕೊಳ್ಳಲು ನಾಚಿದ್ದೆನು. ಮರುವರ್ಷ ಆಲೂರಿನ ಕಡೆಯಿಂದ ಮೊಮ್ಮಗಳನ್ನು ಶಾಲೆಗೆ ಸೇರಿಸಲು ಬಂದ ವೃದ್ಧೆಯೊಬ್ಬರು ಬರಿದಾದ ಕಿಟಕಿಯನ್ನು ನೋಡಿ ನಿಂತುಬಿಟ್ಟರು. "ಬಳ್ಳಿ ಎಲ್ಲಿ ಹೋಯಿತು, ಅಮ್ಮಾ?" ಎಂದು ಕೇಳಿದರು. ನಾನು ನಡೆದದ್ದನ್ನು ಮರೆಯಿಲ್ಲದೆ ಹೇಳಿದೆನು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮುಂದಿನ ಸೋಮವಾರ ಮೊಮ್ಮಗಳ ಪುಸ್ತಕದ ಚೀಲದಲ್ಲಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಎರಡು ಕಡ್ಡಿಗಳು ಬಂದವು. ಆಕೆ ಶಾಲೆಯನ್ನು ಬಿಡುವಾಗ ಒಯ್ದಿದ್ದ ಕಡ್ಡಿಯ ಸಂತತಿ ಅದು. ನಾಲ್ಕನೆಯ ವರ್ಷದ ಮೇ ತಿಂಗಳಲ್ಲಿ, ಶಾಲೆಗೆ ರಜೆಯಿದ್ದು ನೋಡಲು ಮಕ್ಕಳು ಯಾರೂ ಇಲ್ಲದಿದ್ದಾಗ, ಮೊದಲ ಗೊಂಚಲು ಅರಳಿತು.

ಹೀಗೆ ಶಾಲೆಯು ಕೊಟ್ಟದ್ದೇ ಶಾಲೆಗೆ ಹಿಂದಿರುಗಿ ಬಂದಿತು. ಕೊಡದೆ ಇಟ್ಟುಕೊಂಡಿದ್ದರೆ ಅದು ನನ್ನ ಅಜ್ಞಾನದೊಡನೆ ಮುಗಿದುಹೋಗುತ್ತಿತ್ತು. ಈ ವರ್ಷದ ಹಳೆಯ ವಿದ್ಯಾರ್ಥಿನಿಯರ ಕೂಟಕ್ಕೆ ಬರುವವರಿಗಾಗಿ ಬೇರೂರಿದ ಕಡ್ಡಿಗಳನ್ನು ಸಣ್ಣ ಕುಂಡಗಳಲ್ಲಿ ಸಿದ್ಧಮಾಡಿಸಿದ್ದೇನೆ. ಬಂದು ತೆಗೆದುಕೊಂಡು ಹೋಗಿರಿ. ನಿಮ್ಮ ನೆರೆಯವರಿಗೂ ಒಂದೊಂದು ಕಡ್ಡಿ ಕೊಡಿರಿ. ನೀರನ್ನು ಮಾತ್ರ ಕಡಮೆ ಹಾಕಿರಿ.